ಹನ್ನೆರಡನೆಯ ಮೇಣದ ತುಂಡು

ಸೂಜಿ ಒಳಹೋದ ಮರುಕ್ಷಣವೇ ಪರದೆಯ ಮೇಲೆ ಕ್ಲಾರಾ ಸಿದ್ದಿಯ ಎದೆಯ ಕ್ಯಾನ್ಸರ್ ಗಡ್ಡೆ ಮೂಡಿತು. ಅದರ ತುಂಬ ನೀಲಿ ಚುಕ್ಕೆಗಳು: ಲಿಂಫೊಸೈಟುಗಳು, ಅಂದರೆ ರೋಗದ ಮೇಲೆ ಬೀಳುವ ಬಿಳಿ ರಕ್ತಕಣಗಳು. ಈ ಬಗೆಯ ಗಡ್ಡೆಯಲ್ಲಿ ಅವು ಹೆಚ್ಚಿದ್ದಷ್ಟೂ ರೋಗಿ ಉಳಿಯುವ ಸಾಧ್ಯತೆ ಹೆಚ್ಚು. ಅವನ್ನು ಎಣಿಸಿ, ಶಸ್ತ್ರಚಿಕಿತ್ಸೆಯೊಂದೇ ಸಾಕೋ ಕೀಮೋ ಔಷಧಿಯೂ ಬೇಕೋ ಎಂದು ಹೇಳುವ ‘ಕಾವಲುಗಣ್ಣು’ ಯಂತ್ರ ಡಾ. ಸುನೇತ್ರಾ ಕಟಗೇರಿಯ ಹದಿನಾರು ವರ್ಷದ ದುಡಿಮೆ. 2061ರ ಹೊತ್ತಿಗೆ ಅದು ಹಳಿಯಾಳದ ಆಸ್ಪತ್ರೆಗೂ ಬಂದಿತ್ತು. ಅವಳಿಗೆ ಅದರ ಹೆಮ್ಮೆ ತುಸು ಜಾಸ್ತಿಯೇ ಇತ್ತು.

‘ರೋಗಿಯ ಮೂಲ ಯಾವ ನಾಡು?’ ಎಂದು ಯಂತ್ರ ಎಂದಿನಂತೆ ಕೇಳಿತು. ಒಂದೊಂದು ನಾಡಿನ ಹೆಂಗಸರಲ್ಲಿ ಈ ಕಣಗಳ ಸರಾಸರಿ ಬೇರೆ, ಹಾಗಾಗಿ ಅಳತೆಗೋಲೂ ಬೇರೆ. ಸುನೇತ್ರಾ ‘ದಕ್ಷಿಣ ಭಾರತ’ ಒತ್ತಿದಳು. ಶಸ್ತ್ರಚಿಕಿತ್ಸೆ ಸಾಕು ಎಂದಿತು. ಸಿದ್ದಿಗಳ ಪೂರ್ವಜರು ಆಫ್ರಿಕಾದವರೆಂದು ನೆನಪಾಗಿ ಅದನ್ನೂ ಒತ್ತಿದಳು. ಕೀಮೋ ಬೇಕೇ ಬೇಕು ಎಂದಿತು. ಗಡ್ಡೆ ಒಂದೇ, ಉತ್ತರ ಎರಡು.

“ಕೀಮೋ ತಗೊಂಡ್ರ ಬೆರಳು ಜೋಮು ಹಿಡೀತಾವಂತಲ್ರಿ?” ಕ್ಲಾರಾ ಕೇಳಿದಳು. ನಲವತ್ತು ವರ್ಷ ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿದ ಕೈ ಅವಳದು.

“ಕೆಲವರಿಗೆ ಹಿಡೀತದ ಕ್ಲಾರಕ್ಕ, ಬಿಡೂದೂ ಇಲ್ಲ. ಆದ್ರ ಬೇಕಾದಾಗ ಕೊಡದಿದ್ರ ಜೀವಕ್ಕೇ ಸಂಚಕಾರ.”

“ಹಂಗಾದ್ರ ನಿಮ್ಮ ಮಿಷನ್ನಿಗೆ ಸರಿಯಾಗಿ ಕೇಳ್ರಿ. ನಮ್ಮಜ್ಜಿಯ ಅಜ್ಜಿ ಹುಟ್ಟಿದ್ದೂ ಇಲ್ಲೇ.”

ಹಳೆಯ ಗಡ್ಡೆಗಳ ಚೂರುಗಳನ್ನು ಮೇಣದಲ್ಲಿ ಹುದುಗಿಸಿಟ್ಟಿದ್ದ ಉಗ್ರಾಣವನ್ನು ಸುನೇತ್ರಾ ಜಾಲಾಡಿದಳು. ಸಾವಿರಾರು ತುಂಡುಗಳಲ್ಲಿ ಸಿದ್ದಿ ಹೆಂಗಸರವು ಹನ್ನೊಂದೇ. ಅಷ್ಟರಿಂದ ಅಳತೆಗೋಲು ಮಾಡಲಾಗದು. ಹಾಗೆಂದು ಹೇಳಲು ಅವಳು ಕ್ಲಾರಾಳ ಮನೆಗೇ ಹೋದಳು.

ಕ್ಲಾರಾ ಕಟ್ಟೆಯ ಮೇಲೆ ಹಳೆಯ ಸೀರೆಗಳನ್ನು ಒಂದೊಂದಾಗಿ ಎರಡೂ ಕೈಯಿಂದ ಜಗ್ಗುತ್ತಿದ್ದಳು. ಹರಿದದ್ದು ಅತ್ತ, ತಾಳಿದ್ದು ಕೌದಿಗೆ.

“ಇವೆಲ್ಲ ಯಾರ ಮನೀವು?”

“ಯಾರಿಗೆ ಗೊತ್ತು ಬಾಯಾರ? ಎಲ್ಲಿಂದ ಬಂತಂತ ಕೇಳಿದ್ರ ಅರಿವಿ ಗಟ್ಟಿ ಆಗ್ತದೇನು? ಜಗ್ಗಿ ನೋಡಬೇಕು.”

ಸುನೇತ್ರಾಳಿಗೆ ಹಳೆಯದೊಂದು ಪರೀಕ್ಷೆ ನೆನಪಾಯಿತು. ರೋಗಿಯ ಗಡ್ಡೆಯಿಂದಲೇ ಬಿಳಿ ಕಣಗಳನ್ನು ಜೀವಂತ ತೆಗೆದು, ಗಾಜಿನ ಬಟ್ಟಲಲ್ಲಿ ಕ್ಯಾನ್ಸರ್ ಕಣಗಳ ಎದುರು ಬಿಟ್ಟು, ಕಾದಾಡುತ್ತವೆಯೇ ಎಂದು ನೋಡುವುದು. ಎಂಟು ದಿನ ಹಿಡಿಯುತ್ತದೆಂದು, ಸರಾಸರಿಯಿಂದ ಬೇಗ ಉತ್ತರ ಪಡೆಯುವ ಅವಸರದಲ್ಲಿ, ತಾನೇ ಮೂಲೆಗೆ ತಳ್ಳಿದ್ದಳು. ಅವಳಿಗೆ ನಾಚಿಕೆಯಾಯಿತು, ಖುಷಿ ಅದಕ್ಕಿಂತ ಹೆಚ್ಚಾಯಿತು.

ಒಂಬತ್ತನೆಯ ದಿನ ನೋಡಿದರೆ ಬಟ್ಟಲಲ್ಲಿ ಕ್ಯಾನ್ಸರ್ ಕಣ ಹುಡುಕಿದರೂ ಸಿಗಲಿಲ್ಲ. ಶಸ್ತ್ರಚಿಕಿತ್ಸೆಯೊಂದೇ ಸಾಕಾಯಿತು.

ತಿಂಗಳು ಕಳೆದು ಬಂದ ಕ್ಲಾರಾ, ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸಿ ತೋರಿಸಿ ನಕ್ಕಳು. “ತೆಗೆದ ಗಡ್ಡಿ ಏನ್ ಮಾಡಿದ್ರಿ?”

“ನೀವು ಹೂಂ ಅಂದ್ರ ಮೇಣದಾಗ ಇಡ್ತೀನಿ. ಮುಂದಿನವರಿಗೆ ಬೇಕಾಗ್ತದ.”

“ಇಡ್ರಿ ಮತ್ತ. ಹನ್ನೊಂದೇ ಮಂದಿ ಕುಂತಾರಲ್ಲ, ಜೊತೆಯಾಗ್ತೀನಿ.”

ಹನ್ನೆರಡನೆಯದನ್ನು ಇಡುವಾಗ ಸುನೇತ್ರಾ ಆ ಹನ್ನೊಂದರಲ್ಲಿ ಮೊದಲ ತುಂಡಿನ ಚೀಟಿ ಓದಿದಳು: 2026. ಆ ವರ್ಷ ಯಾರೋ ಒಬ್ಬರು ಒಬ್ಬ ಹೆಂಗಸನ್ನು ‘ಇದನ್ನು ಇಟ್ಟುಕೊಳ್ಳಲೇ?’ ಎಂದು ಕೇಳಿದ್ದರು, ಅವಳು ಒಪ್ಪಿದ್ದಳು. ಅದೇ ವರ್ಷ, ಯಾರೂ ಕೇಳದೆ ಎಸೆದ ಗಡ್ಡೆಗಳು ಎಷ್ಟಿದ್ದವೋ.