ಹದಿನೇಳನೇ ಬಸ್ಸಿನ ಹಳದಿ ಗೆರೆ

“ಮೇಸ್ತ್ರಿ, ಕೈ ತೊಳ್ಕೊಂಡು ಒಳಗೆ ಬನ್ನಿ.”

ಅವಳು ಅಂದದ್ದು ಇಷ್ಟೇ. ದನಿ ಏರಿಸಿರಲಿಲ್ಲ, ಮುಖ ಗಂಟಿಕ್ಕಿರಲಿಲ್ಲ. ಡಿಪೋದ ಗ್ಯಾಸ್ ಶೆಡ್ಡಿನೊಳಗೆ ಬಸ್ಸಿನ ಕೆಳಗೆ ಅಂಗಾತ ಮಲಗಿ ಗ್ಯಾಸಿನ ಪೈಪು ನೋಡುತ್ತಿದ್ದವಳು ತಲೆಯನ್ನೂ ಪೂರ್ತಿ ಹೊರಗೆ ಹಾಕದೆ ಅಂದಿದ್ದಳು. ಆದರೆ ಸುತ್ತ ಆರು ಮಂದಿ ಹೊಸಬರು ನಿಂತಿದ್ದರು. ಅವರಲ್ಲೊಬ್ಬ ಕಿಸಕ್ಕನೆ ನಕ್ಕ. ಮೇಸ್ತ್ರಿ ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಮೂವತ್ತೊಂದು ವರ್ಷದ ಡೀಸೆಲ್ಲು ಉಗುರಿನ ಸಂದಿಯಲ್ಲಿ, ಅಂಗೈಯ ಗೆರೆಗಳಲ್ಲಿ ಕಪ್ಪಗೆ ಮನೆ ಮಾಡಿಕೊಂಡಿತ್ತು. ಇದೇ ಕೈಯಿಂದ ಅವಳಿಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದ್ದ. ಬಂದ ದಾರಿಯಲ್ಲೇ ಹಿಂದಿರುಗಿದ.

ಡಿಪೋದಲ್ಲಿ ಎಲ್ಲರೂ ಅವನನ್ನು ಕಿವಿ ಮೇಸ್ತ್ರಿ ಅನ್ನುತ್ತಿದ್ದರು. ದನ ಸಾಕುವ ಮನೆಯಿಂದ ಬಂದವನು. ಅವನ ಅಪ್ಪ ಕೊಟ್ಟಿಗೆಯ ಹೊರಗೆ ಕೂತೇ ಯಾವ ಹಸುವಿನ ಹೊಟ್ಟೆ ಉಬ್ಬರಿಸಿದೆ, ಯಾವುದಕ್ಕೆ ಕೆಚ್ಚಲು ನೋವು ಎಂದು ಅದರ ಉಸಿರಿನ ಮೇಲೆ ಹೇಳುತ್ತಿದ್ದನಂತೆ. ಮಗನಿಗೆ ಆ ಕಿವಿ ಬಂದಿತ್ತು, ಹಸುಗಳ ಬದಲು ಎಂಜಿನ್ನುಗಳು ಸಿಕ್ಕಿದ್ದವು. ಬಸ್ಸು ಗೇಟಿನೊಳಗೆ ತಿರುಗುತ್ತಿದ್ದ ಹಾಗೇ, ಕೂತಲ್ಲಿಂದಲೇ, “ಮೂರನೇದು ಕೆಮ್ತಾ ಇದೆ, ಇಳಿಸ್ರೋ” ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಎಂಜಿನ್ನಿನ ಮೂರನೇ ಸಿಲಿಂಡರೇ ಕೆಟ್ಟಿರುತ್ತಿತ್ತು.

ಅವಳು ಹನ್ನೊಂದು ವರ್ಷದ ಹಿಂದೆ ಬಂದಿದ್ದಳು. ಅಪ್ಪ ಅದೇ ಡಿಪೋದ ಡ್ರೈವರು. ತೀರಿಕೊಂಡ ಮೇಲೆ ಮಗಳಿಗೆ ಕೆಲಸ ಕೊಟ್ಟಿದ್ದರು. ಯಾರೂ ಸೇರಿಸಿಕೊಳ್ಳಲು ಒಪ್ಪದಿದ್ದಾಗ “ನನ್ನ ಹತ್ರ ಬಿಡಿ” ಎಂದವನು ಮೇಸ್ತ್ರಿ. ಎಂಟು ವರ್ಷ ಅವನ ಬಗಲಲ್ಲೇ ದುಡಿದಳು. ಸಂಜೆ ಇಬ್ಬರೂ ನಲ್ಲಿಯ ಕಟ್ಟೆಯ ಮೇಲಿನ ಒಂದೇ ಡಬ್ಬಿಗೆ ಕೈ ಹಾಕುತ್ತಿದ್ದರು. ಬಾರ್ ಸೋಪನ್ನು ತುರಿದು, ನೀರಲ್ಲಿ ಕರಗಿಸಿ, ಬಡಗಿಯ ಅಂಗಡಿಯಿಂದ ತಂದ ಮರದ ಹೊಟ್ಟನ್ನು ಕಲಸಿ ಮೇಸ್ತ್ರಿ ತಾನೇ ಮಾಡುತ್ತಿದ್ದ ಮುದ್ದೆ ಅದು. ಆಫೀಸು ಕೊಡುವ ನೀರು ನೀರು ಸೋಪಿಗೆ ಡೀಸೆಲ್ಲು ಜಗ್ಗುತ್ತದೆಯೇ?

ಆಮೇಲೆ ಗ್ಯಾಸ್ ಬಸ್ಸುಗಳು ಬಂದವು. ಊರಿನ ಗಾಳಿ ಅಷ್ಟು ಕೆಟ್ಟಿತ್ತು. ಬೆಳಗಿನ ಹೊತ್ತು ಎದುರು ಮನೆಯ ಬಾಗಿಲು ಕಾಣದ ದಿನಗಳಿದ್ದವು. ಶಾಲೆಗೆ ರಜೆ ಕೊಡುತ್ತಿದ್ದರು. ಮೇಲಿನವರು ಅರ್ಧ ಡಿಪೋವನ್ನು ಗ್ಯಾಸಿಗೆ ಬದಲಿಸಿದರು, ಅವಳನ್ನು ಒಂದು ವರ್ಷ ತರಬೇತಿಗೆ ಕಳಿಸಿದರು. ಬಂದವಳು ಗ್ಯಾಸ್ ಶೆಡ್ಡಿನ ಯಜಮಾನಿಯಾದಳು, ಕಟ್ಟೆಯ ಡಬ್ಬಿ ಮೇಸ್ತ್ರಿಯೊಬ್ಬನಿಗೇ ಉಳಿಯಿತು. ಗ್ಯಾಸ್ ಬಸ್ಸುಗಳೋ, ಮೇಸ್ತ್ರಿಯ ಕಿವಿಗೆ ಏನೂ ಹೇಳುತ್ತಿರಲಿಲ್ಲ. ಉಂಡು ಮಲಗಿದ ಬೆಕ್ಕಿನ ಹಾಗೆ ಗುರ್ರೆನ್ನುತ್ತ ಬರುತ್ತಿದ್ದವು, ಹೋಗುತ್ತಿದ್ದವು.

ಅವು ಒಳ್ಳೆಯವೇ ಎಂಬುದು ಅವನಿಗೆ ಗೊತ್ತಿತ್ತು. ಅವನ ಹೆಂಡತಿಗೆ ಏಳು ವರ್ಷದಿಂದ ಉಬ್ಬಸ. ಅವರ ಮನೆ ಬಸ್ಸು ತಿರುಗುವ ಮೂಲೆಯಲ್ಲೇ ಇತ್ತು. ಮೊನ್ನೆ ಮೊನ್ನೆ ಅವಳು ಕಿಟಕಿಯಿಂದ ಬಟ್ಟೆ ಎಳೆದುಕೊಳ್ಳುತ್ತ ಅಂದಿದ್ದಳು: “ನಿಮ್ಮ ಹುಡುಗಿ ಬಸ್ಸು ಬಂದ್ಮೇಲೆ ಬಿಳೀ ಬಟ್ಟೆ ಬಿಳಿಯಾಗೇ ಒಣಗ್ತವೆ ನೋಡ್ರಿ. ನಿಮ್ಮ ಬಸ್ಸುಗಳು ಇನ್ನೂ ಎಷ್ಟು ದಿನ?”

“ನನ್ನ ಬಸ್ಸೇನೇ ಅವು? ನಾನೇನು ಹೆತ್ತಿದ್ದೀನಾ?” ಎಂದಿದ್ದ.

“ಹೆತ್ತೋರಿಗಿಂತ ಹೆಚ್ಚಾಗಿ ಆಡ್ತೀರಲ್ಲ” ಎಂದು ನಕ್ಕು, ನಗುತ್ತಲೇ ಕೆಮ್ಮು ಹತ್ತಿ, ಗೋಡೆ ಹಿಡಿದು ಕೂತಿದ್ದಳು.

ಗುರುವಾರ ತಪಾಸಣೆಯವರು ಬರುವವರಿದ್ದರು. ಗ್ಯಾಸ್ ಶೆಡ್ಡು ಪಾಸಾದರೆ ಉಳಿದ ಡೀಸೆಲ್ ಬಸ್ಸುಗಳೂ ಗುಜರಿಗೆ, ಇಡೀ ಡಿಪೋ ಅವಳ ಕೈಗೆ. ಕಿವಿ ಮೇಸ್ತ್ರಿ ಟೈರು ರಾಶಿ ಕಾಯಲು. ಪಾಸಾಗದಿದ್ದರೆ ಅವಳು ಶೆಡ್ಡು ಬಿಡಬೇಕು. ಕೈ ತೊಳೆಯಲು ಹೇಳಿಸಿಕೊಂಡ ಆ ಮಧ್ಯಾಹ್ನ ಅವನು ಊಟದ ಡಬ್ಬಿ ತೆರೆಯಲೇ ಇಲ್ಲ. ಸಂಜೆಯ ಹೊತ್ತಿಗೆ ಉಪಾಯ ಪೂರ್ತಿಯಾಗಿ ಮನಸ್ಸಿನಲ್ಲಿ ನಿಂತಿತ್ತು.

ಯಾರಿಗೂ ಪೆಟ್ಟಾಗಬಾರದು. ಅದು ಮೊದಲನೆಯ ಮಾತು. ಅದನ್ನು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡನೆಂದರೆ, ಕೊನೆಗೆ ತಾನು ಮಾಡುತ್ತಿರುವುದು ಒಂದು ಬಗೆಯ ಎಚ್ಚರಿಕೆಯ ಕೆಲಸವೇ ಎನಿಸಿತು. ತಪಾಸಣೆಯವರಿಗೆ ತೋರಿಸಲು ಹದಿನೇಳನೇ ನಂಬರಿನ ಬಸ್ಸನ್ನು ಆರಿಸಿದ್ದರು. ಅದು ರಸ್ತೆಗೆ ಇಳಿಯುವುದಿಲ್ಲ, ಶೆಡ್ಡಿನಲ್ಲೇ ನಿಂತಿರುತ್ತದೆ. ತಪಾಸಣೆಯವರು ಗ್ಯಾಸಿನ ವಾಸನೆ ಹಿಡಿಯುವ ಯಂತ್ರ ತರುತ್ತಾರೆ. ಸೋರಿಕೆ ಕೂದಲೆಳೆಯಷ್ಟಿದ್ದರೂ ಅದು ಕೂಗುತ್ತದೆ. ಅಷ್ಟು ಸಾಕು. ಸೋರಿದ ಗ್ಯಾಸು ಹಗುರ, ನೆಲದಲ್ಲಿ ನಿಲ್ಲುವುದಿಲ್ಲ, ಶೆಡ್ಡಿನ ತೆರೆದ ಮಾಡಿನಿಂದ ಆಕಾಶಕ್ಕೆ ಹೋಗುತ್ತದೆ. ಇದನ್ನೆಲ್ಲ ಅವನಿಗೆ ಹೇಳಿಕೊಟ್ಟವಳು ಅವಳೇ.

ಅವಳು ಒಂದು ಕ್ರಮ ತಂದಿದ್ದಳು. ಪ್ರತಿ ನಟ್ಟನ್ನು ಬಿಗಿ ಮಾಡಿದ ಮೇಲೆ, ನಟ್ಟಿನಿಂದ ಪೈಪಿನವರೆಗೆ ಹಳದಿ ಬಣ್ಣದ ಒಂದು ಗೆರೆ. ನಟ್ಟು ಕದಲಿದರೆ ಗೆರೆ ತುಂಡಾಗುತ್ತದೆ. ಬೆಳಿಗ್ಗೆ ಬೆಳಿಗ್ಗೆ ಟಾರ್ಚು ಹಾಕಿ ಗೆರೆಗಳನ್ನು ನೋಡುತ್ತಾಳೆ. ಎಲ್ಲ ನೆಟ್ಟಗಿದ್ದರೆ ಮುಖ್ಯ ವಾಲ್ವು ತೆರೆಯುತ್ತಾಳೆ. ಹಾಗಾದರೆ ನಟ್ಟು ಸಡಿಲಿಸಿ, ಹಳೆಯ ಗೆರೆ ಕೆರೆದು, ಹೊಸ ಗೆರೆ ಎಳೆದರೆ ಮುಗಿಯಿತು. ಗೆರೆ ಇದೆ, ಬಿಗಿ ಇಲ್ಲ ಅಂದರೆ ಅರ್ಥ ಒಂದೇ: ಕೆಲಸ ಮಾಡದೆ ಗೆರೆ ಎಳೆದಿದ್ದಾಳೆ. ಅವಳ ಕ್ರಮವೇ ಅವಳ ಮೇಲೆ ಸಾಕ್ಷಿ ಹೇಳುತ್ತದೆ.

ಬುಧವಾರ ಮಧ್ಯಾಹ್ನ ಊಟದ ಗಂಟೆ ಹೊಡೆಯಿತು. ಗ್ಯಾಸ್ ಶೆಡ್ಡಿನವರು ಒಟ್ಟಿಗೆ ಊಟಕ್ಕೆ ಹೋಗುತ್ತಾರೆ, ಅರ್ಧ ಗಂಟೆ ಅಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ. ಮೇಸ್ತ್ರಿ ಎಲ್ಲವನ್ನೂ ಯೋಚಿಸಿದ್ದ. ಕೈಗವಸು ಹಾಕಿಕೊಂಡರೆ ಬೆರಳಿಗೆ ಬಿಗಿ ತಿಳಿಯುವುದಿಲ್ಲ, ಬರಿಗೈಯೇ ಆಗಬೇಕು. ಬರಿಗೈಯಾದರೆ ಡೀಸೆಲ್ಲಿನ ಕಪ್ಪು ಅಂಟುತ್ತದೆ. ಆ ಬೆಳ್ಳಗಿನ ಪೈಪುಗಳ ಮೇಲೆ ಒಂದು ಕಪ್ಪು ಬೊಟ್ಟು ಬಿದ್ದರೂ ಸಾಕು, ಡಿಪೋ ಪೂರ್ತಿ ಅವನ ಹೆಸರು ಹೇಳುತ್ತದೆ. ಅದಕ್ಕೇ ಕಟ್ಟೆಗೆ ಹೋಗಿ ಡಬ್ಬಿಯಿಂದ ಎರಡು ಹಿಡಿ ತೆಗೆದು, ಮೊಣಕೈವರೆಗೆ ತಿಕ್ಕಿ ತಿಕ್ಕಿ ತೊಳೆದ. ಮದುವೆಯ ದಿನವೂ ಅವನ ಕೈ ಅಷ್ಟು ಶುಭ್ರವಾಗಿರಲಿಲ್ಲ. ‘ತಗೊಳ್ಳವ್ವಾ, ಕೈ ತೊಳ್ಕೊಂಡೇ ಬಂದಿದ್ದೀನಿ’ ಎಂದುಕೊಂಡ.

ಬಸ್ಸಿನ ಕೆಳಗೆ ತೂರಿದ. ಗ್ಯಾಸು ಮುಚ್ಚಿದ. ಸಿಲಿಂಡರಿನ ಪಕ್ಕದ ಎರಡನೇ ನಟ್ಟಿನ ಗೆರೆಯನ್ನು ಚಾಕುವಿನಿಂದ ಕೆರೆದು, ಚಕ್ಕೆಗಳನ್ನು ಕರವಸ್ತ್ರಕ್ಕೆ ಹಾಕಿಕೊಂಡ. ಸ್ಪ್ಯಾನರ್ ಇಟ್ಟು ಒಂದಿಷ್ಟು ತಿರುಗಿಸಿದ. ವಾಲ್ವು ತೆರೆದು ಕಿವಿ ಹತ್ತಿರ ತಂದ.

ಸ್ಸ್…

ಮೂರು ವರ್ಷದಲ್ಲಿ ಗ್ಯಾಸ್ ಬಸ್ಸೊಂದು ಅವನ ಕಿವಿಗೆ ಆಡಿದ ಮೊದಲನೇ ಮಾತು ಅದು. ಹೆಚ್ಚಾಯಿತು ಅನ್ನಿಸಿತು. ಮುಚ್ಚಿ, ನಟ್ಟನ್ನು ಸ್ವಲ್ಪ ಹಿಂದಕ್ಕೆ ತಂದು, ಮತ್ತೆ ತೆರೆದು ಕೇಳಿದ. ಈಗ ಮಲಗಿದ ಕೂಸಿನ ಉಸಿರಿನಷ್ಟು. ಅದನ್ನು ಕೇಳಬಲ್ಲವನು ಆ ಡಿಪೋದಲ್ಲಿ ಅವನೊಬ್ಬನೇ. ಕೊನೆಗೊಮ್ಮೆ ವಾಲ್ವು ಮುಚ್ಚಿ, ಅವಳದೇ ಬಣ್ಣದ ಡಬ್ಬಿಯಿಂದ, ಅವಳದೇ ಕುಂಚದಿಂದ, ಅವಳು ಎಳೆಯುವಷ್ಟೇ ದಪ್ಪಕ್ಕೆ ಗೆರೆ ಎಳೆದ. ಗೆರೆ ಸೊಟ್ಟಗಾಯಿತೆನಿಸಿ ಬೆರಳ ತುದಿಯಿಂದ ನಯವಾಗಿ ತಿದ್ದಿದ. ಕೆಟ್ಟ ಕೆಲಸವನ್ನೂ ಕೆಟ್ಟದಾಗಿ ಮಾಡಲು ಅವನಿಗೆ ಬರುತ್ತಿರಲಿಲ್ಲ.

ಶೆಡ್ಡಿನಿಂದ ಹೊರಬಂದು ಕಟ್ಟೆಯ ಹತ್ತಿರ ತಲುಪಿದಾಗ ಅವಳು ಎದುರಾದಳು. ಕೈಯಲ್ಲಿ ಒಂದು ಬಾಳೆಹಣ್ಣು.

“ನೀವು ಊಟಕ್ಕೆ ಕೂತಿರ್ಲಿಲ್ಲ ಅಂದ್ರು. ತಗೊಳ್ಳಿ. ಮೇಸ್ತ್ರಿ… ಮೊನ್ನೆ ಹುಡುಗರ ಮುಂದೆ ಹಾಗನ್ನಬಾರದಿತ್ತು ನಾನು.”

“ಏ, ಬಿಡೇ. ಅದಕ್ಕೇನೀಗ.” ಹಣ್ಣು ತೆಗೆದುಕೊಂಡ. ಸುಲಿಯಲಾಗಲಿಲ್ಲ. ಅರ್ಧ ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿ, ಮೆತ್ತಗಾದ ಮೇಲೆ ಎಸೆದ. ಆಗಲೂ ಹೋಗಿ ನಟ್ಟು ಬಿಗಿ ಮಾಡಬಹುದಿತ್ತು.

ಗುರುವಾರ ಬೆಳಿಗ್ಗೆ ಅವನು ಡಿಪೋ ತಲುಪಿದಾಗ ಹದಿನೇಳರ ಜಾಗ ಖಾಲಿಯಾಗಿತ್ತು.

“ಇಪ್ಪತ್ತೆರಡು ಕೆಟ್ಟು ನಿಂತ್ಬಿಡ್ತು ಮೇಸ್ತ್ರಿ” ಎಂದ ಗೇಟಿನ ಕಾವಲುಗಾರ. “ಆಸ್ಪತ್ರೆ ಟ್ರಿಪ್ಪಿಗೆ ಹದಿನೇಳನ್ನೇ ಬಿಟ್ರು. ಮೇಡಮ್ಮು ಟಾರ್ಚ್ ಹಾಕಿ ಎಲ್ಲ ನೋಡೇ ಕಳಿಸಿದ್ದು. ಹತ್ತು ಗಂಟೆಗೆ ವಾಪಸ್ಸು.”

ಆಸ್ಪತ್ರೆಯ ಬಸ್ಸೆಂದರೆ ನಿಲ್ಲಲೂ ಜಾಗವಿರುವುದಿಲ್ಲ. ವಯಸ್ಸಾದವರು, ಬಸುರಿಯರು, ಮಗುವನ್ನು ಹೆಗಲಿಗೆ ಹಾಕಿಕೊಂಡವರು. ಕಂಟ್ರೋಲ್ ರೂಮಿಗೆ ಹೋಗಿ ‘ನಿಲ್ಲಿಸಿ’ ಎಂದರೆ ಐದು ನಿಮಿಷದಲ್ಲಿ ನಿಲ್ಲಿಸುತ್ತಾರೆ. ‘ಯಾಕೆ’ ಎಂದು ಕೇಳುತ್ತಾರೆ. ಮೇಸ್ತ್ರಿ ಕಂಟ್ರೋಲಿನ ಬಾಗಿಲವರೆಗೆ ಹೋದ. ಅಲ್ಲಿ ನಿಂತು ಫೋನು ತೆಗೆದು ಮನೆಗೆ ಮಾಡಿದ.

“ಇವತ್ತು ಆಸ್ಪತ್ರೆಗೆ ಹೋಗಿಲ್ಲ ತಾನೆ?”

“ನಾಳೆ ಅಲ್ವೇನ್ರಿ ನನ್ನ ಪಾಳಿ? ಯಾಕೆ, ಏನಾಯ್ತು?”

“ಏನಿಲ್ಲ. ಸುಮ್ನೆ.”

ಎದೆಯ ಮೇಲಿನ ಕಲ್ಲು ಇಳಿಯಿತು. ಹಾಗೆ ಇಳಿದದ್ದೇ ಅವನಿಗೆ ಗೊತ್ತಾಗಿ, ಮುಖಕ್ಕೆ ಬಿಸಿ ನೀರು ಎರಚಿದಂತಾಯಿತು. ಬಸ್ಸಿನಲ್ಲಿದ್ದವರೆಲ್ಲ ಯಾರದೋ ಹೆಂಡತಿ, ಯಾರದೋ ಅಮ್ಮ. ಆದರೂ ಬಾಗಿಲು ದಾಟಲಿಲ್ಲ. ಹತ್ತು ಗಂಟೆಯವರೆಗೆ ಗೇಟಿನ ಬಳಿಯ ಕಲ್ಲಿನ ಮೇಲೆ ಕೂತು, ಮೂವತ್ತೊಂದು ವರ್ಷದಲ್ಲಿ ಎಂದೂ ಕೇಳದಷ್ಟು ಗಮನವಿಟ್ಟು ರಸ್ತೆಯನ್ನು ಕೇಳಿದ. ಹದಿನೇಳು ಬಂತು, ಎಂದಿನಂತೆ ಗುರ್ರೆನ್ನುತ್ತ. ಅವನ ಅಂಗಿ ಬೆನ್ನಿಗೆ ಅಂಟಿತ್ತು.

ಮುಂದಿನದೆಲ್ಲ ಅವನು ಅಂದುಕೊಂಡಂತೆಯೇ ನಡೆಯಿತು. ಹನ್ನೊಂದಕ್ಕೆ ತಪಾಸಣೆಯವರು ಬಂದರು. ಬಿಳಿ ಗಡ್ಡ, ಮೆಲುಮಾತಿನ ಮನುಷ್ಯ. ಜೊತೆಗೆ ಡಿಪೋ ಮ್ಯಾನೇಜರು. ಯಂತ್ರ ಎರಡನೇ ನಟ್ಟಿನ ಹತ್ತಿರ ಹೋದದ್ದೇ ಕಿರುಚಿಕೊಂಡಿತು. ಅವಳ ಮುಖ ಬಿಳಿಚಿತು. ಬಾಗಿ ನೋಡಿದಳು, ಗೆರೆ ನೆಟ್ಟಗಿತ್ತು. ವಾಲ್ವು ಮುಚ್ಚಿ ಎದ್ದು ನಿಂತಳು.

“ಈ ಬಸ್ಸು ಇವತ್ತು ಬೆಳಿಗ್ಗೆ ಜನರನ್ನ ತುಂಬ್ಕೊಂಡು ಹೋಗಿ ಬಂದಿದೆ” ಎಂದರು ಮ್ಯಾನೇಜರು, ಹಲ್ಲು ಕಚ್ಚಿ. “ಗೆರೆ ಎಳೆದೋರು ಯಾರಮ್ಮ?”

“ಈ ಬಸ್ಸಿನ ಗೆರೆಯೆಲ್ಲ ನಂದೇ ಸಾರ್.” ಹುಡುಗರ ಮೇಲೆ ಹಾಕಲಿಲ್ಲ, ನೆಪ ಹೇಳಲಿಲ್ಲ. “ತಪ್ಪು ನಂದೇ.”

ಹೊಸಬರು ನೆಲ ನೋಡುತ್ತಿದ್ದರು. ಅವತ್ತು ಕಿಸಕ್ಕೆಂದವನ ಕಣ್ಣು ಒದ್ದೆಯಾಗಿತ್ತು. ಗೆದ್ದೆ ಎಂದು ಮೇಸ್ತ್ರಿ ತನಗೆ ಹೇಳಿಕೊಂಡು ನೋಡಿದ. ಬಾಯಿ ಕಹಿಯಾಯಿತು.

ತಪಾಸಣೆಯವರು ಸುತ್ತ ನೋಡಿದರು. “ನಟ್ಟು ಬಿಚ್ಚಿ ನೋಡ್ಬೇಕು, ಗೆರೆಯ ಬಣ್ಣಾನೂ ಬೇಕು. ಇವರ ಕೈಯಲ್ಲಿ ಬೇಡ. ಇಲ್ಲಿ ಹಿರಿಯರು ಯಾರಿದ್ದಾರೆ?”

“ಮೇಸ್ತ್ರಿ ಬಿಚ್ಚಲಿ ಸಾರ್” ಎಂದಳು ಅವಳೇ. “ಅವರು ನನ್ನ ಗುರುಗಳು. ಇದ್ದದ್ದನ್ನ ಇದ್ದ ಹಾಗೇ ಹೇಳ್ತಾರೆ.” ಅವನು ಹೆಜ್ಜೆ ಕಿತ್ತಿಟ್ಟಾಗ, ಅಂಥ ಹೊತ್ತಿನಲ್ಲೂ, ಅಭ್ಯಾಸಬಲದಿಂದ ಅವಳ ಬಾಯಿಂದ ಸಣ್ಣಗೆ ಬಂತು: “ಮೇಸ್ತ್ರಿ… ಕೈ…”

ಅವನು ಕಟ್ಟೆಗೆ ಹೋದ. ಎಷ್ಟು ತಿಕ್ಕಿದರೂ ಸಾಲದೆನಿಸಿ ಮತ್ತೆ ಮತ್ತೆ ಡಬ್ಬಿಗೆ ಕೈ ಹಾಕಿದ. ಬಂದು ಬಸ್ಸಿನ ಕೆಳಗೆ ತೂರಿ, ತನ್ನದೇ ಗೆರೆಯನ್ನು ಚಾಕುವಿನಿಂದ ಇಡಿಯಾಗಿ ಎಬ್ಬಿಸಿ, ಅವಳು ಚಾಚಿದ ಬಿಳಿ ಬಟ್ಟೆಯ ಮೇಲೆ ಇಟ್ಟ. ನಟ್ಟು ಬಿಚ್ಚಿದ. “ನಟ್ಟಿನ ಥ್ರೆಡ್ಡು ಚೆನ್ನಾಗಿದೆ. ಪೈಪೂ ಚೆನ್ನಾಗಿದೆ. ಬಿಗಿ ಮಾಡಿಲ್ಲ, ಅಷ್ಟೇ” ಎಂದ. ದನಿ ತನ್ನದಲ್ಲವೆನಿಸಿತು.

ತಪಾಸಣೆಯವರು ಬಟ್ಟೆಯನ್ನು ಬೆಳಕಿಗೆ ಹಿಡಿದರು. ಹಳದಿ ಚಕ್ಕೆಯ ನಡುವೆ, ಜೇನಿನಲ್ಲಿ ಮುಳುಗಿದ ಇರುವೆಯ ಹಾಗೆ, ಕಂದು ಬಣ್ಣದ ಒಂದು ಚೂರು ಬಣ್ಣದೊಳಗೇ ಒಣಗಿ ಕೂತಿತ್ತು. “ಮರದ ಹೊಟ್ಟು ಇದ್ದ ಹಾಗಿದೆಯಲ್ಲ” ಎಂದರು. “ಗ್ಯಾಸ್ ಶೆಡ್ಡಿನಲ್ಲಿ ಹೊಟ್ಟು ಎಲ್ಲಿಂದ ಬಂತಮ್ಮ?” ಅವಳು ಚಕ್ಕೆಯನ್ನು ನೋಡಿದಳು. ಆಮೇಲೆ ಅವಳ ಕಣ್ಣು ನಿಧಾನವಾಗಿ ಮೇಸ್ತ್ರಿಯ ಕೈಗಳ ಮೇಲೆ ಬಂದು ನಿಂತಿತು. ಎಂಟು ವರ್ಷ ಒಂದೇ ಡಬ್ಬಿಯಲ್ಲಿ ತೊಳೆದ ಕೈ ಅವಳಿಗೆ ಪರಿಚಯವಿಲ್ಲದ್ದೇ? “ಮೇಸ್ತ್ರಿನೇ ಹೇಳ್ಲಿ ಸಾರ್” ಎಂದಳು, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ. ಅವನು ಕೆಳಗೆ ನೋಡಿದ. ಕಪ್ಪೆಲ್ಲ ಹೋಗಿ ಕೈ ಹಸುಗೂಸಿನದರಂತೆ ಬೆಳ್ಳಗಿತ್ತು. ಬೆರಳ ಸಂದಿಗಳಲ್ಲಿ, ಉಗುರಿನ ಬುಡದಲ್ಲಿ, ಗೆಣ್ಣಿನ ಸುಕ್ಕುಗಳಲ್ಲಿ, ಒದ್ದೆ ಮರದ ಹೊಟ್ಟು ಹಾಗೇ ಅಂಟಿತ್ತು.