ಹಗ್ಗ ಎಳೆಯುವ ಕೈ

ಮಂಚದ ಕಾಲು ಮತ್ತೆ ಕೆಟ್ಟಿತು. ಉಳಿ ಜಾರಿ, ನುಣ್ಣಗಾಗಿದ್ದ ಮರದ ಮೇಲೆ ದೊಡ್ಡ ಗಾಯವಾಯಿತು. ಖಾಜಾಸಾಬ್ ತಲೆಯೆತ್ತಿ, ಎದುರಿಗೆ ಹಗ್ಗ ಹಿಡಿದು ಕುಳಿತಿದ್ದ ಸೈದಾಬೀಯನ್ನು ನೋಡಿದ.

“ನನ್ನ ಮೇಲೆ ಅಷ್ಟೊಂದು ಸಿಟ್ಟಾ? ಬೈಯೋದಾದ್ರೆ ಬಾಯಲ್ಲಿ ಬೈಯಿ. ಹಗ್ಗ ಯಾಕೆ ಹಂಗೆ ಜಗ್ತೀಯಾ?”

“ಮರ ನೋಡ್ಕಂಡು ಕೆಲ್ಸ ಮಾಡಿದ್ರೆ ಕೆಡಲ್ಲ. ಮುಖ ನೋಡ್ತಾ ಕುಂತ್ರೆ ಇನ್ನೇನಾಗ್ತೈತೆ?”

ಅವನ ಕಿವಿ ಕೆಂಪಾಯಿತು. ಸೈದಾಬೀ ನಕ್ಕಳು, ನಗುತ್ತಲೇ ಬಲತೋಳನ್ನು ಸೆರಗಿನೊಳಗೆ ಎಳೆದುಕೊಂಡಳು. ಸಿಟ್ಟು ಎಂದೇ ತಿಳಿದುಕೊಳ್ಳಲಿ, ಪುಣ್ಯಾತ್ಮ. ಭುಜದೊಳಗೆ ಕೆಂಡ ಇಟ್ಟಂತೆ ಉರಿಯುತ್ತಿತ್ತು.

ಸಂತೇಬೆನ್ನೂರಿನಲ್ಲಿ ಅವಳ ತಂದೆ ಪೀರ್‌ಸಾಬರ ಜಗುಲಿಯ ಮೇಲಿದ್ದ ಮರ ಕಡೆಯುವ ಲೇತು ಇಬ್ಬರ ಕೆಲಸದ್ದು. ಮರಕ್ಕೆ ಸುತ್ತಿದ ಹಗ್ಗದ ತುದಿಗಳನ್ನು ಒಬ್ಬರು ಒಂದಾದ ಮೇಲೊಂದು ಎಳೆಯಬೇಕು, ಎದುರಿಗಿದ್ದವರು ತಿರುಗುವ ಮರಕ್ಕೆ ಉಳಿ ಹಿಡಿಯಬೇಕು. ಸೈದಾಬೀಯ ತಾಯಿ ತೋಳು ಬಿದ್ದುಹೋಗುವ ತನಕ ಎಳೆದಳು. ಆಮೇಲೆ ಬದುಕಿದ್ದಷ್ಟು ದಿನ ಗಂಡನ ಬಾಯಲ್ಲಿ “ಕೂಳಿಗೆ ದಂಡ” ಅನ್ನಿಸಿಕೊಂಡು ತೀರಿಕೊಂಡಳು. ಹಗ್ಗ ಮಗಳ ಕೈಗೆ ಬಂತು. ಈಗ ಈ ತೋಳೂ ಸೋತಿತ್ತು. ಎಣ್ಣೆ ತಿಕ್ಕಿಸಿಕೊಳ್ಳಲು ಸವಳಂಗಕ್ಕೆ ಹೋದಾಗ, ಇನ್ನು ಎಳೆದರೆ ಕೈಯೇ ಉಳಿಯುವುದಿಲ್ಲ ಎಂದು ಅಲ್ಲಿಯ ನಾಟಿ ವೈದ್ಯರು ಹೇಳಿದ್ದರು. ಅದು ತಂದೆ ಮಗಳಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ.

ಪೀರ್‌ಸಾಬರ ಹತ್ತಿರ ಕೆಲಸ ಕಲಿತ ಖಾಜಾಸಾಬನಿಗೆ ತ್ಯಾವಣಿಗೆಯ ತನ್ನ ಮನೆಯಲ್ಲೇ ಲೇತು ಹಾಕುವ ಆಸೆ. ದಾವಣಗೆರೆಗೆ ಹೋಗಿ, ಕಾಲಲ್ಲಿ ತುಳಿದು ಒಬ್ಬರೇ ನಡೆಸುವ ಲೇತು ನೋಡಿ ಬಂದಿದ್ದ. ಆದರೆ ಎರಡನೇ ಮಹಾಯುದ್ಧ ಶುರುವಾದ ಮೇಲೆ ಕಬ್ಬಿಣದ ಸಾಮಾನು ಮುಟ್ಟುವ ಹಾಗಿರಲಿಲ್ಲ. ಬೆಲೆ ಕೇಳಿ ಸುಮ್ಮನೆ ಬಸ್ಸು ಹತ್ತಿದ್ದ.

“ಚಿಂತೆ ಯಾಕೆ? ನನ್ನ ಹಳೇ ಹಗ್ಗದ ಲೇತು ಒಂದೈತಲ್ಲ, ಅದನ್ನ ತಗಂಡು ಹೋಗು,” ಎಂದರು ಪೀರ್‌ಸಾಬರು.

“ಹಗ್ಗ ಎಳೆಯಾಕೆ ಒಬ್ರು ಬೇಕಲ್ಲ ಉಸ್ತಾದ್?” ಅವನ ಕಣ್ಣು ಒಳಬಾಗಿಲ ಕಡೆಗಿತ್ತು.

“ಅದನ್ನೂ ಇಲ್ಲಿಂದಲೇ ಕರ್ಕಂಡು ಹೋಗು,” ಎಂದು ಮುದುಕರು ನಕ್ಕರು.

ಬಾಗಿಲ ಹಿಂದಿದ್ದ ಸೈದಾಬೀಯ ಎದೆ ಕುಣಿಯಿತು, ಮರುಗಳಿಗೆಗೇ ಕುಸಿಯಿತು. ಅವನು ಹೋದ ಮೇಲೆ ತಂದೆ ದನಿ ತಗ್ಗಿಸಿದರು. “ನಿಕಾಹ್ ಆಗೋ ತನಕ ತೋಳಿನ ಸುದ್ದಿ ಎತ್ತಬ್ಯಾಡ.”

“ಆಮೇಲೆ ಗೊತ್ತಾದ್ರೆ ಅಬ್ಬಾ?”

“ಆಮೇಲೆ ಅವನ ಮನೇಲಿ ಇರ್ತೀಯಲ್ಲ.”

ತಾಯಿಯೂ ಗಂಡನ ಮನೆಯಲ್ಲೇ ಇದ್ದು “ಕೂಳಿಗೆ ದಂಡ” ಅನ್ನಿಸಿಕೊಂಡಿದ್ದಳು. ಸೈದಾಬೀ ಉಣ್ಣುವ ತಟ್ಟೆ ಸರಿಸಿಟ್ಟಳು. ಹೇಳಿದರೆ ಅವನು ಕೈತಪ್ಪುತ್ತಾನೆ. ಹೇಳದಿದ್ದರೆ, ತಾಯಿ ಕೇಳಿದ ಮಾತನ್ನು ಒಂದು ದಿನ ಅವನ ಬಾಯಲ್ಲೇ ಕೇಳಬೇಕು. ಅವನನ್ನು ಕಳೆದುಕೊಂಡು ಬದುಕಬಹುದೇನೋ, ಇದನ್ನು ಮಾತ್ರ ತಾಳಲಾರಳು. ಅವನೆಂದರೆ ಅಷ್ಟು ಪ್ರಾಣ ಅವಳಿಗೆ.

ಖಾಜಾಸಾಬ್ ಗಾಡಿ ಹೊಡೆದುಕೊಂಡು ಬಂದಾಗ ಪೀರ್‌ಸಾಬರು ನಮಾಜಿಗೆ ಹೋಗಿದ್ದರು. ಅವನು ಲೇತಿನ ಮೇಲೆ ಕೈಯಿಟ್ಟು ತುಂಟ ಕಣ್ಣಲ್ಲಿ ಕೇಳಿದ, “ನೀನೇ ಹೇಳು. ತಗಳ್ಳಾ, ಬ್ಯಾಡ್ವಾ?”

“ಬ್ಯಾಡ.”

“ನಾನಂದ್ರೆ ಇಷ್ಟ ಇಲ್ವಾ?”

ಅವಳು ಬಲಗೈ ಎತ್ತಿದಳು. ಎದೆಮಟ್ಟಕ್ಕೆ ಬಂದು ಅದು ನಿಂತುಬಿಟ್ಟಿತು. “ಇಷ್ಟೇ ಏರೋದು. ಮಂಚದ ಕಾಲು ಕೆಟ್ಟಿದ್ದು ಸಿಟ್ಟಿಂದಲ್ಲ, ಈ ನೋವಿಂದ. ನಿಮ್ಮ ಹಗ್ಗ ಎಳೆಯಾಕೆ ನನ್ನ ಕೈಲಾಗಲ್ಲ.”

ಅವನು ಆ ತೋಳನ್ನು ನೋಡಿದ, ಲೇತನ್ನು ನೋಡಿದ. ಖಾಲಿ ಗಾಡಿ ತಿರುಗಿಸಿಕೊಂಡು ಹೊರಟುಹೋದ.

“ನಿನ್ನ ಬಾಯಿಗೆ ನೀನೇ ಮಣ್ಣು ಹಾಕ್ಕಂಡೆ,” ಎಂದರು ಪೀರ್‌ಸಾಬರು. ಮರುದಿನ ಹಗ್ಗ ತಂದು ಅವಳ ಮುಂದೆ ಎಸೆದರು. ಅವಳು ಹಲ್ಲು ಕಚ್ಚಿ ಎಳೆದಳು. ಸಂತೆಗಳು ಬಂದು ಹೋದವು. ತ್ಯಾವಣಿಗೆಯಿಂದ ಸುದ್ದಿಯೇ ಇಲ್ಲ. ಅವನು ಬರುವುದಿಲ್ಲ ಎಂದು ಅವಳು ಮನಸ್ಸಿಗೆ ಹೇಳಿ ಹೇಳಿ ಒಪ್ಪಿಸಿದ್ದಳು.

ಅಂಥದ್ದರಲ್ಲಿ ಅವನು ಬಂದ. ಜಗುಲಿಯ ಅಂಚಿಗೆ ಕುಳಿತು, “ಲೇತು ತಗಂಡೆ ಉಸ್ತಾದ್. ಕಮಾನಿಂದು,” ಎಂದ.

ಪೀರ್‌ಸಾಬರು ಹೌಹಾರಿದರು. ಕಮಾನಿನ ಲೇತಿಗೆ ಇನ್ನೊಬ್ಬರು ಬೇಡ. ಒಂದು ಕೈಯಲ್ಲಿ ಬಿಲ್ಲಿನಂಥ ಕಮಾನು ಆಡಿಸುತ್ತ, ಇನ್ನೊಂದು ಕೈ ಮತ್ತು ಕಾಲ್ಬೆರಳಲ್ಲಿ ಉಳಿ ಹಿಡಿಯಬೇಕು. ಅಗ್ಗ ನಿಜ, ಆದರೆ ಅದರಲ್ಲಿ ಆಗುವುದು ಬುಗುರಿ, ಲಟ್ಟಣಿಗೆ. ಮಂಚದ ಕಾಲು, ತೊಟ್ಟಿಲಿನ ಕಂಬ ಅದಕ್ಕೆ ಏರುವುದಿಲ್ಲ.

“ತಲೆ ಕೆಟ್ಟೈತಾ ನಿಂಗೆ? ಬುಗುರಿ ಮಾರಿದ್ರೆ ಹೊಟ್ಟೆ ತುಂಬ್ತೈತಾ?”

“ಇಲ್ಲ ಉಸ್ತಾದ್. ಅರ್ಧ ತುಂಬ್ತೈತೆ.”

ಸೈದಾಬೀ ಒಳಗಿನಿಂದ ಹೊರಗೆ ಬಂದಳು. ಸಂತೋಷಕ್ಕಿಂತ ಮೊದಲು ಅವಳಿಗೆ ಬಂದದ್ದು ಸಿಟ್ಟು. “ಅಂಥಾ ಕಸುಬಿನ ಕೈ ಯಾಕೆ ಹಾಳು ಮಾಡ್ಕಂತೀರಿ? ಗಟ್ಟಿ ತೋಳಿನೋಳು ಯಾರೂ ಸಿಗ್ಲಿಲ್ವಾ?”

“ಸಿಗ್ತಿದ್ಲು. ಎದುರಿಗೆ ಕುಂತು ಎಳೀತಿದ್ಲು. ನಾನು ತಲೆ ಎತ್ತಿದಾಗೆಲ್ಲ ನೀನಿರ್ತಿರಲಿಲ್ಲ.”

“ಅವತ್ತೇ ಹೇಳಾಕೆ ಏನಾಗಿತ್ತು?”

“ಮಂಚದ ಕಾಲು ಬಿಡಾಕೆ ಮನಸ್ಸು ಒಪ್ಪಲಿಲ್ಲ. ಸುಳ್ಳು ಯಾಕೆ, ಇನ್ನೂ ಪೂರ್ತಿ ಒಪ್ಪಿಲ್ಲ. ಆದ್ರೂ ಬಂದೀನಿ.”

ಅವಳ ಕಣ್ಣು ತುಂಬಿ ಬಂತು. “ನಂಗೀಗ ತಲೆ ಬಾಚ್ಕಳ್ಳಾಕೂ ಬರಲ್ಲ. ಗೊತ್ತೈತಾ?”

“ಗೊತ್ತಿರಲಿಲ್ಲ,” ಎಂದ ಖಾಜಾಸಾಬ್. ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. “ಕಲೀತೀನಿ. ಸಿಕ್ಕು ಜಗ್ಗಿದ್ರೆ ಬೈಬ್ಯಾಡ.”

ಪೀರ್‌ಸಾಬರು ಎದ್ದು ಒಳಗೆ ಹೋದರು. ತ್ಯಾವಣಿಗೆಯ ಆ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣುವ ದಿನ ಕಡಿಮೆ ಎಂದು ಸೈದಾಬೀಗೆ ಚೆನ್ನಾಗಿ ಗೊತ್ತಿತ್ತು. ಅವಳು ಅಳುತ್ತಲೇ ಹೂಂ ಅಂದಳು.