ಒಳಗೆ ಬಿಟ್ಟ ಬಟ್ಟೆ

"ತೆಗಿ ಅದನ್ನ..."

ಕೋಣೆಯೊಳಗೆ ಕಾಲಿಟ್ಟ ಕಾಂತೇಶನ ದನಿ ಎಷ್ಟು ಮೆಲ್ಲಗಿತ್ತೆಂದರೆ, ಅದು ತನಗೇ ಹೇಳಿದ್ದೆಂದು ಯೋಗಿತಾಳಿಗೆ ಮೊದಲು ತಿಳಿಯಲೇ ಇಲ್ಲ.

ಅವಳು ಕನ್ನಡಿಯ ಮುಂದೆ ಎರಡೂ ಕೈ ಅಗಲಿಸಿ ನಿಂತಿದ್ದಳು. ಮೈಮೇಲೆ ತೀರಿಹೋದ ಅಕ್ಕನ ಧಾರೆ ಸೀರೆ. ಅರಿಶಿನ ಬಣ್ಣ, ಕೆಂಪು ಅಂಚು. ಅವ್ವ ಬೋರಮ್ಮ ಮಂಡಿಯೂರಿ ಕುಳಿತು ನೆರಿಗೆ ಹಿಡಿಯುತ್ತಿದ್ದಳು.

"ಯೋಗಿ, ಆ ಸೀರೆ ತೆಗಿ."

ಕಾಂತೇಶ ಅಕ್ಕನ ಗಂಡ. ನಾಲ್ಕು ವರ್ಷದಲ್ಲಿ ಭಾವ ಈ ಕೋಣೆಯ ಹೊಸ್ತಿಲು ದಾಟಿದ್ದು ಇದೇ ಮೊದಲು. ಅವನ ಮುಖ ಬಿಳಿಚಿಕೊಂಡಿತ್ತು. ಅವನು ನೋಡುತ್ತಿದ್ದದ್ದು ತನ್ನನ್ನೋ, ಸೀರೆಯನ್ನೋ... ಅವಳಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅವನು ತಿರುಗಿ ಹೊರಟುಬಿಟ್ಟಿದ್ದ.

ಜಗಲಿಯಲ್ಲಿ ಕುಳಿತಿದ್ದ ಅಪ್ಪ ರೇವಣ್ಣನಿಗೆ ಅವನು ಹೇಳಿದ ಮಾತು ಒಳಗಿನವರೆಗೂ ಕೇಳಿಸಿತು.

"ಮಾವ, ಈ ಮದುವೆ ನನಗೆ ಬೇಡ."

ಬೋರಮ್ಮನ ಕೈಯಿಂದ ನೆರಿಗೆ ಜಾರಿತು. ಯೋಗಿತಾ ಮಾತ್ರ ಕೈ ಇಳಿಸುವುದನ್ನೂ ಮರೆತು ಹಾಗೇ ನಿಂತಿದ್ದಳು.

'ನಾನು ಅಷ್ಟು ಬೇಡವಾದೆನಾ...'

*

ಅಕ್ಕ ಜ್ಯೋತಿಲಕ್ಷ್ಮಿ ಹೋಗಿ ನಾಲ್ಕು ವರ್ಷ ತುಂಬುತ್ತಾ ಬಂದಿತ್ತು. ಹೆರಿಗೆಯಾದ ಹನ್ನೊಂದನೇ ದಿನ ಜ್ವರ ಬಂದವಳು ಮತ್ತೆ ಏಳಲಿಲ್ಲ. ಕೂಸು ಧನ್ಯಶ್ರೀಯನ್ನು ತವರಿನವರು ಇಟ್ಟುಕೊಂಡರು ಎಂದು ಊರೆಲ್ಲ ಹೇಳಿತು. ನಿಜ ಹೇಳಬೇಕೆಂದರೆ ಇಟ್ಟುಕೊಂಡವಳು ಯೋಗಿತಾ.

ಹುಟ್ಟುವ ಮೊದಲೇ ಮಗುವಿಗೆ ಬಟ್ಟೆ ಹೊಲಿದಿಡುವುದು ಆ ಮನೆಯಲ್ಲಿ ಇಲ್ಲ. ಹಾಗಾಗಿ ಧನ್ಯಳ ಮೊದಲ ಕುಲಾವಿಯನ್ನು ಯೋಗಿತಾ ಹೊಲಿದದ್ದು ಸೂತಕದ ಮನೆಯಲ್ಲಿ, ಅಕ್ಕನ ಹಳೆಯ ಹತ್ತಿ ಸೀರೆಯ ಸೆರಗಿನಲ್ಲಿ. ಆಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಅಕ್ಕನ ಒಂದು ಸೀರೆ, ಮಗುವಿಗೆ ಒಂದು ಫ್ರಾಕು. ತಾಯಿಯ ಮಡಿಲಂತೂ ಸಿಗಲಿಲ್ಲ, ತಾಯಿಯ ಬಟ್ಟೆಯಾದರೂ ಮೈಗೆ ತಾಗಲಿ ಎಂದು ಅವಳ ಆಸೆ.

ಈಗ ಬೀರುವಿನಲ್ಲಿ ಉಳಿದಿದ್ದದ್ದು ಆ ಧಾರೆ ಸೀರೆ ಒಂದೇ.

ಅವಳ ಹೊಲಿಗೆ ಮಷಿನ್ನು ಇದ್ದದ್ದೂ ಕಾಯಿ ಅಟ್ಟದ ಕೆಳಗಿನ ಇದೇ ಕೋಣೆಯಲ್ಲಿ. ಕೊಬ್ಬರಿಯಾಗಲೆಂದು ಮೇಲೆ ಹಾಕಿದ ತೆಂಗಿನಕಾಯಿ ಹನ್ನೊಂದು ತಿಂಗಳು ಅಲ್ಲಾಡದೆ ಬಿದ್ದಿರುತ್ತಿತ್ತು, ಕೆಳಗೆ ಅವಳೂ ಹಾಗೇ. ಇದ್ದ ಒಂದೇ ಕಿಟಕಿಯಲ್ಲಿ ಸುಲಿದ ತೆಂಗಿನ ಮಟ್ಟೆಯ ರಾಶಿ ಕಾಣುತ್ತಿತ್ತು. ರಾಶಿಯ ಪಕ್ಕದಲ್ಲಿ ಒಂದು ತುಂಡು ರಸ್ತೆ. ಪ್ರತಿ ಭಾನುವಾರ ಶೆಟ್ಟಿಕೆರೆ ಕಡೆಯಿಂದ ಕಾಂತೇಶನ ಬೈಕು ಬರುತ್ತಿದ್ದದ್ದು ಆ ರಸ್ತೆಯಲ್ಲೇ.

ಬಂದವನು ಮಗುವನ್ನು ಎತ್ತಿ ಆಡಿಸುತ್ತಿದ್ದ. ಹೋಗುವಾಗ ಹೊರಗಿನಿಂದಲೇ ಕಿಟಕಿಯಲ್ಲಿ ಏನಾದರೊಂದು ಇಟ್ಟು ಹೋಗುತ್ತಿದ್ದ. ಒಂದು ವಾರ ಸೂಜಿ ಪ್ಯಾಕೆಟ್ಟು, ಒಂದು ವಾರ ಮಷಿನ್ನಿನ ಎಣ್ಣೆ. ಅವಳು ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದನ್ನು ನೋಡಿದ ಮರುವಾರ, ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಪುಟ್ಟ ಲೋಹದ ಟೋಪಿ. ಕೊಟ್ಟೆ ಎಂದು ಅವನು ಹೇಳಲಿಲ್ಲ, ತಗೊಂಡೆ ಎಂದು ಅವಳೂ ಹೇಳಲಿಲ್ಲ.

ಧನ್ಯಳನ್ನು ಶಾಲೆಗೆ ಸೇರಿಸುವ ಮಾತು ಬಂದಾಗ ಮನೆಯಲ್ಲಿ ಮದುವೆಯ ಮಾತೂ ಎದ್ದಿತು. ಮಗುವಿಗೆ ತಾಯಿ ಬೇಕು, ಚಿಕ್ಕಮ್ಮನಿಗಿಂತ ಇನ್ಯಾರು? ಸಂಪಿಗೆ ಊರಿನ ಸೋದರಮಾವನನ್ನು ಕೇಳಿದರು. ಜಾತಕ ನೋಡುವವರನ್ನು ಕೇಳಿದರು. ಚಿಕ್ಕಿ ನಿಮ್ಮಪ್ಪನ ಮನೆಗೆ ಬರಬಹುದಾ ಎಂದು ಧನ್ಯಳನ್ನೂ ಕೇಳಿದರು. ಯೋಗಿತಾಳನ್ನು ಮಾತ್ರ ಯಾರೂ ಕೇಳಲಿಲ್ಲ.

ಕೇಳಿದ್ದರೆ ಅವಳು ಹೂಂ ಅನ್ನುತ್ತಿದ್ದಳು. ಸಂಕಟವಿದ್ದದ್ದೇ ಅಲ್ಲಿ. ಮನಸ್ಸು ಬಯಸಿದ್ದನ್ನೇ ತಂದು, ಅಕ್ಕನ ಸೀರೆಯಲ್ಲಿ ಸುತ್ತಿ, ನಿನ್ನ ಕರ್ತವ್ಯ ಕಣೇ ಎಂದು ಕೈಗಿಟ್ಟಿದ್ದರು. ಅದನ್ನು ಬೇಕು ಅನ್ನುವುದು ಹೇಗೆ, ಬೇಡ ಅನ್ನುವುದು ಹೇಗೆ?

*

"ಅವನ್ಗೆ ಬ್ಯಾಡ್ವಂತೆ, ಬುಡು," ಎಂದಳು ಬೋರಮ್ಮ ಮರುದಿನ ಬೆಳಿಗ್ಗೆ, ಸೀರೆ ಮಡಚುತ್ತಾ. "ದಬ್ಬೇಘಟ್ಟದೋರು ಮುಂದಿನ ವಾರ ನೋಡೋಕೆ ಬತ್ತಾರೆ. ನಿಮ್ಮಪ್ಪ ಮಾತು ಕೊಟ್ಟವ್ರೆ."

"ಧನ್ಯ?"

"ಅವಳಪ್ಪ ಕರ್ಕೊಂಡೋಯ್ತಾನೆ. ಭಾನುವಾರ ಹುಟ್ಟಿದಬ್ಬ ಅಲ್ವಾ, ಅವತ್ತೇ ಕಳ್ಸಿಬುಡಾನ."

"ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ ಅವ್ವ?"

"ಕೇಳೋದೇನೈತೆ ಇದ್ರಾಗೆ? ನಿನ್ನ ಒಳ್ಳೇದಕ್ಕೇ ತಾನೇ?"

ಅವ್ವನ ಕಣ್ಣಲ್ಲಿ ನೀರಿತ್ತು. ಅವಳು ಕೆಟ್ಟವಳಲ್ಲ. ಒಬ್ಬ ಮಗಳನ್ನು ಕಳೆದುಕೊಂಡವಳು, ಇನ್ನೊಬ್ಬಳನ್ನು ದಡ ಸೇರಿಸಬೇಕೆಂದು ಒದ್ದಾಡುತ್ತಿದ್ದಳು. ಅದಕ್ಕೇ ಯೋಗಿತಾಳಿಗೆ ಸಿಟ್ಟು ಮಾಡಿಕೊಳ್ಳುವುದಕ್ಕೂ ದಾರಿಯಿರಲಿಲ್ಲ.

ಅವ್ವ ನೀರಿಗೆಂದು ಆಚೆ ಹೋದಳು. ಯೋಗಿತಾ ಬೀರು ತೆಗೆದಳು. ಧಾರೆ ಸೀರೆಯನ್ನು ನೆಲಕ್ಕೆ ಹಾಸಿ ಬಹಳ ಹೊತ್ತು ನೋಡಿದಳು. 'ಇದು ನನ್ನದಲ್ಲ ಅಕ್ಕ. ನಿನ್ನ ಮಗಳದು.'

ಕತ್ತರಿ ಇಟ್ಟಳು.

ಕೊಡ ಹೊತ್ತು ಬಂದ ಬೋರಮ್ಮ ಬಾಗಿಲಲ್ಲೇ ಕುಸಿದು ಕುಳಿತಳು. "ಏನ್ ಮಾಡ್ದೆ... ಏನ್ ಮಾಡ್ದೆ ಕಣೇ..."

"ಧನ್ಯಂಗೆ ಲಂಗ-ಬ್ಲೌಸು," ಎಂದಳು ಯೋಗಿತಾ. ಕತ್ತರಿ ನಿಲ್ಲಲಿಲ್ಲ.

ಬೋರಮ್ಮ ಅಳುತ್ತಾ ಬೈದಳು, ಬೈಯುತ್ತಾ ಅತ್ತಳು. ಸುಸ್ತಾದ ಮೇಲೆ ನೆಲದಲ್ಲಿ ಬಿದ್ದಿದ್ದ ಕೆಂಪು ಅಂಚಿನ ಚೂರುಗಳನ್ನು ಒಂದೊಂದಾಗಿ ಆಯ್ದು ಮಡಿಲಿಗೆ ಹಾಕಿಕೊಂಡಳು.

*

ಭಾನುವಾರ ಬೈಕಿನ ಸದ್ದು ಕೇಳಿದಾಗ ಯೋಗಿತಾ ಕಿಟಕಿಯ ಕಡೆ ನೋಡಲಿಲ್ಲ. ಧನ್ಯಳ ಬಟ್ಟೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು.

"ಅಪ್ಪಾ, ನೋಡು," ಎಂದು ಹೊರಗೆ ಮಗುವಿನ ದನಿ. "ಅಮ್ಮನ ಸೀರೆ ಈಗ ನಂದು. ಹೊಸ ಬಟ್ಟೆ ಅಂತ ಅಜ್ಜಿ ಲಂಗದ ಮೂಲೇಲಿ ಅರಿಶಿನ ಹಚ್ಚಿದ್ಲು."

ಕಾಂತೇಶ ಮಗುವನ್ನು ಎತ್ತಿಕೊಂಡ. ಜಗಲಿಯಲ್ಲಿ ಅಪ್ಪನ ಜೊತೆ ಅವನು ತಗ್ಗಿದ ದನಿಯಲ್ಲಿ ಏನೋ ಮಾತಾಡುವುದು ಕೇಳಿಸಿತು. ಅಪ್ಪ ಒಂದೆರಡು ಸಲ ಗದರಿ ಆಮೇಲೆ ಸುಮ್ಮನಾದ. ಹೆಜ್ಜೆಯ ಸದ್ದು ಹತ್ತಿರ ಬಂದು ಹೊಸ್ತಿಲಿನಾಚೆ ನಿಂತಿತು.

"ಒಳಗೆ ಬರ್ಲಾ ಯೋಗಿ?"

ಇಷ್ಟು ದಿನದಲ್ಲಿ ಅವಳನ್ನು ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು.

"ಬನ್ನಿ ಭಾವ."

ಅವಳು ತಲೆ ಎತ್ತಲಿಲ್ಲ. ಚೀಲದಿಂದ ಒಂದು ಫ್ರಾಕು ತೆಗೆದು ಅದರ ಒಳಮೈ ತೋರಿಸಿದಳು.

"ಎಲ್ಲಾದ್ರಲ್ಲೂ ಒಳಗೆ ಬಟ್ಟೆ ಬಿಟ್ಟಿದ್ದೀನಿ. ಪಕ್ಕದ ಹೊಲಿಗೇಲಿ ಎರಡೆರಡು ಇಂಚು, ಲಂಗದ ಕೆಳಗೆ ನಾಲ್ಕು ಬೆರಳು. ಬೆಳೆದ ಹಾಗೆ ಬಿಚ್ಚಿಸಿ. ಮೂರು ವರ್ಷ ಬರುತ್ತೆ. ಬಿಚ್ಚೋಕೆ ಯಾವ ಟೈಲರಾದ್ರೂ ಆಗುತ್ತೆ... ನಾನೇ ಆಗ್ಬೇಕು ಅಂತೇನಿಲ್ಲ."

ಫ್ರಾಕನ್ನು ಮತ್ತೆ ಮಡಚಿ ಚೀಲಕ್ಕೆ ಹಾಕಿದಳು.

"ಧಾರೆ ಸೀರೆ ಕತ್ತರಿಸಿಬಿಟ್ಟೆಯಲ್ಲ," ಎಂದ ಅವನು.

"ನಾನು ಉಟ್ಟಾಗ ನಿಮಗೆ ನೋಡೋಕೂ ಆಗ್ಲಿಲ್ವಲ್ಲ."

"ಹೌದು, ಆಗ್ಲಿಲ್ಲ."

ಅವಳು ತುಟಿ ಕಚ್ಚಿ ಮುಖ ತಿರುಗಿಸಿದಳು.

"ನೀನು ಅಂದ್ಕೊಂಡಿರೋ ಕಾರಣಕ್ಕಲ್ಲ," ಎಂದ ಕಾಂತೇಶ. "ಅತ್ತೆ ನೆರಿಗೆ ಹಿಡೀತಿದ್ರು. ನೀನು ಅಳತೆ ಕೊಡೋ ಮಗು ಥರ ಕೈ ಅಗಲಿಸಿ ನಿಂತಿದ್ದೆ. ಕನ್ನಡೀಲಿ ನಿನ್ನ ಕಣ್ಣು ಕಂಡ್ತು ನನಗೆ. ಅಳ್ತಿದ್ದೆ ನೀನು. ನಿನ್ನ ಕಾಲ ಹತ್ರನೇ ಕೂತವರಿಗೂ ಅದು ಕಾಣ್ಲಿಲ್ಲ."

ಯೋಗಿತಾ ಅವನ ಕಡೆ ತಿರುಗಿದಳು.

"ನಾನು ಹೂಂ ಅಂದಿದ್ರೆ ಅವತ್ತೇ ಎಲೆ ಅಡಿಕೆ ಬದಲಾಗಿ ಮದುವೆ ಗಟ್ಟಿಯಾಗ್ತಿತ್ತು. ನಿನಗೆ ಬೇಡ ಅನ್ನೋಕೆ ಜಾಗ ಎಲ್ಲಿರ್ತಿತ್ತು ಹೇಳು? ಅದಕ್ಕೇ ನಿನ್ನ ಬದಲು ನಾನೇ ಬೇಡ ಅಂದೆ."

"ಹಾಗಾದ್ರೆ... ನಿಮಗೆ ಬೇಡ ಅಂದಿದ್ದು..."

"ಸುಳ್ಳು."

ಅಟ್ಟದ ಮೇಲೆ ಇಲಿಯೊಂದು ಓಡಿತು. ಕಾಯಿಯೊಂದು ಸಣ್ಣಗೆ ಗಡಗಡ ಎಂದಿತು. ಇಬ್ಬರೂ ಮೇಲೆ ನೋಡಿ, ಮತ್ತೆ ಒಬ್ಬರನ್ನೊಬ್ಬರು ನೋಡಿದರು.

"ಧನ್ಯ ನಿನ್ನ ಹತ್ರನೇ ಇರ್ತಾಳೆ," ಎಂದ ಅವನು. "ಮಾವನಿಗೆ ಈಗ ಹೇಳಿ ಬಂದೆ. ಹತ್ರದ ತುರುವೇಕೆರೆ ಶಾಲೆಗೇ ಸೇರಿಸ್ತೀನಿ. ನೀನು ನನಗೆ ಹೂಂ ಅಂದ್ರೂ ಇಷ್ಟೇ, ಬೇಡ ಅಂದ್ರೂ ಇಷ್ಟೇ. ದಬ್ಬೇಘಟ್ಟದೋರ ಮುಂದೆ ಕೂರೋದು ಬಿಡೋದು ನಿನ್ನಿಷ್ಟ. ಅದಕ್ಕೆ ಮಾವನ ಹತ್ರ ಜಗಳ ಆಡ್ಬೇಕಾದ್ರೆ ಜೊತೆಗೆ ನಾನಿದ್ದೀನಿ."

ಅವನು ಅವಳ ಮುಖ ನೋಡಿದ.

"ಈಗ ಕೇಳ್ತೀನಿ. ಧನ್ಯಂಗೆ ತಾಯಿ ಬೇಕು ಅಂತ ಅಲ್ಲ, ಅದು ನೀನು ಆಗ್ಲೇ ಆಗಿದ್ದೀಯ. ಮೊದಲೆಲ್ಲ ಭಾನುವಾರ ಮಗೂನ ನೋಡೋಕೆ ಬರ್ತಿದ್ದೆ. ಆಮೇಲಾಮೇಲೆ... ಮಷಿನ್ನಿನ ಸದ್ದು ಕೇಳೋವರೆಗೂ ಸಮಾಧಾನ ಇರ್ತಿರ್ಲಿಲ್ಲ. ನನ್ನ ಜೊತೆ ಇರ್ತೀಯಾ ಯೋಗಿ?"

ಬೇಡ ಅನ್ನುವುದಕ್ಕೂ ಈಗ ಜಾಗವಿತ್ತು. ಆ ಜಾಗದಲ್ಲಿ ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಎದೆಯ ಮೇಲಿನ ಭಾರ ಇಳಿದ ಹಾಗಾಯಿತು.

"ನಾನು ಅಕ್ಕ ಅಲ್ಲ ಭಾವ."

"ಗೊತ್ತು. ಜ್ಯೋತಿಗೆ ಒಂದು ಗುಂಡಿ ಹೊಲಿಯೋಕೂ ಬರ್ತಿರ್ಲಿಲ್ಲ."

ಅಳುವಿನ ನಡುವೆ ಅವಳಿಗೆ ನಗು ಬಂತು. ಅಕ್ಕನ ನೆನಪಿಗೆ ಈ ಕೋಣೆಯಲ್ಲಿ ಯಾರಾದರೂ ನಕ್ಕದ್ದು ನಾಲ್ಕು ವರ್ಷದಲ್ಲಿ ಇದೇ ಮೊದಲು.

"ಮಷಿನ್ನು ಬಿಡಲ್ಲ ನಾನು."

"ತೋಟದ ಕಡೆ ಕಿಟಕಿ ಇರೋ ಕೋಣೆ ಇದೆ. ಅಲ್ಲಿ ಮಟ್ಟೆ ರಾಶಿ ಹಾಕ್ಸಲ್ಲ."

ಅವನು ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಅಭ್ಯಾಸದಂತೆ ಕಿಟಕಿಯಲ್ಲಿ ಇಡಲು ಹೋದ. ಯೋಗಿತಾ ಕೈ ಚಾಚಿದಳು. ಮೊದಲ ಸಲ ಅವನು ಕೈಗೇ ಕೊಟ್ಟ.

ಒಳಗೆ ನೇರಳೆ ಬಣ್ಣದ ರವಿಕೆ ಬಟ್ಟೆ ಇತ್ತು.

"ನಾಲ್ಕು ವರ್ಷದಿಂದ ನಿನಗೆ ಅಂತ ನೀನು ಏನೂ ಹೊಲ್ಕೊಂಡಿಲ್ಲ," ಎಂದ. "ಬೇಡ ಅಂದ್ರೂ ಇದು ನಿಂದೇ."

ಅವಳು ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡಿದಳು. ಅಲ್ಲಿ ಅವಳೇ ಕಂಡಳು.

"ಮದುವೆಗೆ ಇದನ್ನೇ ಹಾಕ್ಕೋತೀನಿ."

ಕಾಂತೇಶ ಮಷಿನ್ನಿನ ಮುಂದಿನ ಸ್ಟೂಲಿನ ಮೇಲೆ ಕುಳಿತುಬಿಟ್ಟ. ಅವನ ಕಣ್ಣು ತುಂಬಿತ್ತು.

"ಯಾವಾಗ ಹೊಲಿತೀಯ?"

"ನಿಧಾನಕ್ಕೆ."

"ಆಗ್ಲಿ, ಕಾಯ್ತೀನಿ. ಬಿಗಿ ಮಾತ್ರ ಮಾಡ್ಕೋಬೇಡ."

"ಇಲ್ಲ," ಎಂದಳು ಯೋಗಿತಾ. "ಒಳಗೆ ಬಟ್ಟೆ ಬಿಟ್ಟೇ ಹೊಲಿತೀನಿ."